ಗಿರವಿ ಚೀಟಿ 4017

ಆರ್ಲಿಸ್ ಗ್ಯಾಡ್‌ಸನ್ ಸೋಮವಾರ ತಂದಿಡುತ್ತಿದ್ದ,
ಶುಕ್ರವಾರ ಬಿಡಿಸಿಕೊಳ್ಳುತ್ತಿದ್ದ.
ನಡುವಿನ ದಿನಗಳಲ್ಲಿ ಆ ಟೆನರ್ ಸ್ಯಾಕ್ಸಫೋನು
ಫಿಲಡೆಲ್ಫಿಯಾದ ನನ್ನ ಅಂಗಡಿಯ ಮೊಳೆಗೆ ಜೋತು
ಟ್ರಾಮು ಹೋದಾಗಲೆಲ್ಲ
ಹೊಟ್ಟೆಯೊಳಗೇ ಏನೋ ಗೊಣಗುತ್ತಿತ್ತು.
ಎಡಕ್ಕೆ ಎರಡು ಅಕಾರ್ಡಿಯನ್, ಬಲಕ್ಕೆ ಯಾರದೋ ಮದುವೆ ಕೋಟು.

ಕೆಳಗಿನ ಒಂದು ಕೀಲಿ ಸರಿಯಾಗಿ ಮುಚ್ಚುತ್ತಿರಲಿಲ್ಲ,
ಸ್ಪ್ರಿಂಗು ಸತ್ತಿತ್ತು.
ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ರಬ್ಬರ್ ಬ್ಯಾಂಡು ಸುತ್ತಿದೆ,
ನೋಟಿನ ಕಂತೆಗೆ ಹಾಕುವಂಥದು, ಕೆಂಪು.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಫೆಬ್ರವರಿಯ ಒಂದು ಬುಧವಾರ, ಬಾಗಿಲು ತೆಗೆಯುವ ಮೊದಲೇ ಬಂದ.
ಹೊರಗೆ ಕಾರು ಗುರುಗುಟ್ಟುತ್ತಿತ್ತು. ಹಿಂದಿನ ಸೀಟಿನಲ್ಲಿ
ಡ್ರಮ್ಮಿನ ಕ್ಲೀವನ್, ಇಸ್ತ್ರಿ ಅಂಗಡಿಯ ಏಪ್ರನ್ನಿನಲ್ಲೇ;
ಡಬಲ್ ಬೇಸಿನ ಕುತ್ತಿಗೆ ಕಿಟಕಿಯಾಚೆ.
"ಇವತ್ತು ರೆಕಾರ್ಡಿಂಗು, ನ್ಯೂಜೆರ್ಸಿಯಲ್ಲಿ. ಆರು ಗಂಟೆ ಕೊಟ್ಟಿದ್ದಾರೆ.
ದುಡ್ಡು ಕೊಡುವುದು ಊದಿದ ಮೇಲೆ."
ಬೆರಳಿನಿಂದ ಉಂಗುರ ಎಳೆದ. ಬರಲಿಲ್ಲ. ಉಗುಳು ಹಚ್ಚಿ ಎಳೆದ.
ನನ್ನಪ್ಪನಾಗಿದ್ದರೆ ತೂಗುತ್ತಿದ್ದ.
ಇರಲಿ ಬಿಡು, ಅಂದೆ. ಚೀಟಿ 4017
ಅವನ ಜೇಬಿನಲ್ಲೇ ಉಳಿಯಿತು.

ರಾತ್ರಿ ಹನ್ನೊಂದಕ್ಕೆ ತಂದುಕೊಟ್ಟ. ತುಟಿ ಒಡೆದಿತ್ತು.
ದುಡ್ಡು?
ಕಾರಿಗೆ, ಬೇಸಿನವನ ಮನೆಬಾಡಿಗೆಗೆ, ಮಿಕ್ಕಿದ್ದು ಊಟಕ್ಕೆ.
ಪೆಟ್ಟಿಗೆ ತೆರೆದರೆ ಹಿತ್ತಾಳೆ ಇನ್ನೂ ಬೆಚ್ಚಗೆ.
ಬಗ್ಗಿಸಿದಾಗ ಒಳಗಿಂದ ಒಂದು ಹನಿ
ಲೆಕ್ಕದ ಪುಸ್ತಕದ ಮೇಲೆ ಬಿತ್ತು.
ತೂಕ ಗೊತ್ತು ನನಗೆ, ಕ್ಯಾರೆಟ್ಟು ಗೊತ್ತು, ಬಡ್ಡಿ ಗೊತ್ತು.
ಆರು ಗಂಟೆಯ ಉಸಿರನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?
ಒರೆಸಿದೆ. ಶಾಯಿ ಕದಡಿತು.

ಸೆಪ್ಟೆಂಬರಿನಲ್ಲಿ ತಟ್ಟೆ ಬಂತು.
ಹೊದಿಕೆಯ ತುಂಬ ಹೊಗೆ, ಹೊಗೆಯ ಹಿಂದೆ ಆರ್ಲಿಸನ ಅರ್ಧ ಮುಖ.
ಎರಡನೆಯ ಬದಿ, ಮೊದಲನೆಯದರ ಹೆಸರು: 4017.
ಜೈಲಿನ ನಂಬರೇ ಅಂತ ಕೇಳಿದರಂತೆ ಯಾರೋ.
ನಕ್ಕು ಸುಮ್ಮನಾದನಂತೆ.

ಅಡವಿಗೆ ಬಂದ ಫೋನೋಗ್ರಾಫಿನಲ್ಲೇ ಹಾಕಿದೆ.
ಯಾರದೋ ಯಂತ್ರ, ಯಾರದೋ ಸೂಜಿ.
ಕ್ಲೀವನ್ನನ ತಾಳ, ಒದ್ದೆ ಬಟ್ಟೆಗೆ ಕಾದ ಇಸ್ತ್ರಿ ಇಟ್ಟಂತೆ, ಉಸ್, ಉಸ್;
ಪಿಯಾನೊ ಭಾನುವಾರದ ಚರ್ಚಿನಿಂದ
ಕೋಟೂ ಹಾಕಿಕೊಳ್ಳದೆ ಎದ್ದು ಬಂದಿತ್ತು;
ಆಮೇಲೆ ಆರ್ಲಿಸ್: ಬಾಗಿಲಲ್ಲಿ ನಿಂತು ಚೌಕಾಸಿ,
ರೇಗಿ ಹೊರಟು, ಮೂಲೆಯಿಂದ ತಿರುಗಿ ಬಂದು
ಅದೇ ಮಾತು, ತಲೆಕೆಳಗಾಗಿ.

ನನಗೆ ಅರ್ಥವಾಗುವ ಸಂಗೀತವಲ್ಲ, ನನ್ನದು ಸಿನಗಾಗಿನ ಕಿವಿ.
ಆದರೆ ಸ್ವರ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದು
ನೆಲಮಾಳಿಗೆಯ ಕೊನೆಯ ಮೆಟ್ಟಿಲು ಮುಟ್ಟಿದಾಗ
ಪ್ರತಿ ಸಲವೂ ಒಂದು ಸಣ್ಣ ಟಪ್.

ಧೂಳು, ಅಂದಳು ಹೆಂಡತಿ. ಸೂಜಿ ಎತ್ತಿ ಒರೆಸಿದಳು.
ಮತ್ತೆ ಹಾಕಿಸಿದೆ.
ಟಪ್.
ಕೆಂಪು. ನೋಟಿನ ಕಂತೆಗೆ ಹಾಕುವಂಥದು.