ರ ಒತ್ತು

ನಾಗರಬಾವಿ ಎರಡನೇ ಹಂತ, ಹೊಂಗೆ ಮರದ ಕೆಳಗೆ
ನನ್ನ ಗಾಡಿ. ಮುಂದೆ ತಗಡಿನ ಬೋರ್ಡು.
ಹನ್ನೆರಡು ವರ್ಷದಿಂದ ಅದರ ಹಿಂದೆ ನಿಂತಿದ್ದೇನೆ,
ಅಂದರೆ, ಅದರ ಬೆನ್ನನ್ನಷ್ಟೇ ನೋಡಿದ್ದೇನೆ.

ಮಗಳು ಎರಡನೇ ಕ್ಲಾಸು. ಓದಿನಲ್ಲಿ ಹಿಂದೆ, ಎಂದರು ಮಿಸ್ಸು,
ಮನೆಯಲ್ಲಿ ದಿನಾ ಇಪ್ಪತ್ತು ನಿಮಿಷ ಓದಿಸಿ.
ಯಾರು ಓದಿಸುವುದು? ಅವರಮ್ಮ ಗಂಗರತ್ನ
ಮೂರು ಮನೆ ಪಾತ್ರೆ ಮುಗಿಸಿ ಬರುವಾಗ ಎಂಟೂವರೆ.
ನಾನು ಐದಕ್ಕೇ ಬಿಟ್ಟವನು.
ಓದುತ್ತೇನೆ, ಆದರೆ ನನ್ನ ಓದು
ಮಳೆಯಲ್ಲಿ ಸಿಕ್ಕ ರಿಂಗ್ ರೋಡಿನ ಬಸ್ಸು,
ಎಲ್ಲಿ ನಿಲ್ಲುತ್ತದೋ ಅದಕ್ಕೇ ಗೊತ್ತಿಲ್ಲ.

ಬಟ್ಟೆ ಸುತ್ತುವ ಪೇಪರಿದೆಯಲ್ಲ, ಕಂತೆ ಕಂತೆ.
ಮೂಡಲಪಾಳ್ಯದ ಒಂದೇ ಕೋಣೆಯಲ್ಲಿ
ಊಟದ ತಟ್ಟೆ ಸರಿಸಿ ಹಾಸಿಕೊಂಡು ಕೂತೆವು.
ಮಡಿಕೆ ಬಿದ್ದಲ್ಲಿ ಅಕ್ಷರ ಸವೆದಿತ್ತು.
'ನೀರು ಪೂರೈಕೆ ವ್ಯ' ಎಂದು ನಿಂತಳು.
ವ್ಯ ಅಂದ್ರೆ ಏನಪ್ಪಾ?
ವ್ಯತ್ಯಯವೋ ವ್ಯವಸ್ಥೆಯೋ,
ನಮ್ಮ ಬೀದಿಗೆ ಎರಡೂ ಒಂದೇ.

ಒತ್ತಕ್ಷರ ಬಂದರೆ ಅವಳಿಗೆ ಅಳು.
ಮೊದಲ ದಿನ ಗದರಿದೆ. ಪೇಪರು ಹರಿದಳು.
ಎರಡನೇ ದಿನ ನನ್ನ ಕಸುಬಿನ ಬುದ್ಧಿ ಬಂತು:
ಒಣಗಿದ ಬಟ್ಟೆಯ ಸುಕ್ಕು ಬೈದರೆ ಹೋಗದು,
ನೀರು ಚಿಮುಕಿಸು, ಚೂರು ತಡಿ, ಆಮೇಲೆ ಒತ್ತು.
ಒತ್ತು ಅಂದ್ರೆ ಅದೇ ಕಣೇ, ಎಂದೆ,
ಮೇಲಿನದು ಕೆಳಗಿನದರ ಮೇಲೆ ಕೂತು ಒತ್ತುತ್ತೆ,
ಎರಡೂ ಒಂದೇ ಉಸಿರಲ್ಲಿ ಹೋಗಬೇಕು.
ಸರಿಯೋ ತಪ್ಪೋ. ಮಿಸ್ಸು ಕೇಳಿದರೆ ನಗುತ್ತಾರೇನೋ.
ಅವಳಿಗೆ ಹಿಡಿಸಿತು. ಅಕ್ಕ ಒತ್ತಿದಳು, ಹಬ್ಬ ಒತ್ತಿದಳು,
ತನ್ನ ಹೆಸರನ್ನೇ ಒತ್ತಿ ನೋಡಿದಳು, ಪೂರ್ವಿಕಾ.
ಅಲ್ಲಿ ರ ಒಬ್ಬ ಕಳ್ಳ,
ಮೊದಲು ಕೂಗುತ್ತಾನೆ, ಬರೆಯುವಾಗ ಹಿಂದೆ ಅಡಗುತ್ತಾನೆ.
ನಿನ್ನ ಥರ, ಎಂದಳು, ಬೋರ್ಡಿನ ಹಿಂದೆ.

ಶನಿವಾರ ಅರ್ಧ ದಿನ ಸ್ಕೂಲು. ನೆಟ್ಟಗೆ ಗಾಡಿಗೇ ಬಂದಳು.
ನಾನು ಇದ್ದಿಲು ಊದುತ್ತಿದ್ದೆ. ಮುಂದೆ ನಿಂತು
ಬೆರಳಿಟ್ಟು ಓದಿದಳು: ಇ... ಸ್ತಿ. ಇಸ್ತಿ.
ಸರಿಯಾಗಿ ಓದು. ಇಸ್ತ್ರಿ.
ಇಸ್ತಿ.
ನಿಮ್ಮಪ್ಪನ ಅನ್ನ ಕಣೇ ಅದು, ಇಸ್ತ್ರಿ!
ಅಪ್ಪಾ, ತ ಒತ್ತು ಇದೆ. ರ ಒತ್ತು ಇಲ್ಲ.
ಬರೆದಿರೋದನ್ನ ತಾನೇ ಓದಬೇಕು?

ಪೆಟ್ಟಿಗೆ ನಿಲ್ಲಿಸಿ, ಗಾಡಿ ಸುತ್ತಿ ಬಂದೆ.
ಹೌದು. ಇಲ್ಲ.
ಹನ್ನೆರಡು ವರ್ಷ. ನಾಲ್ಕು ಕ್ರಾಸಿನ ಜನ,
ವಕೀಲರು, ಡಾಕ್ಟರು, ಗಂಜಿ ಹಾಕಿಸುವ ಪಂಚೆಯವರು,
ಹೆಸರಿನಲ್ಲೇ ರ ಒತ್ತು ಇಟ್ಟುಕೊಂಡ ಕನ್ನಡ ಮೇಷ್ಟ್ರು,
ಯಾರೂ ಹೇಳಲಿಲ್ಲ.
ಓದಲು ಬಲ್ಲವರು ಓದುವುದಿಲ್ಲವೇನೋ,
ಗೊತ್ತಿರುವುದನ್ನೇ ಕಂಡು ಮುಂದೆ ಹೋಗುತ್ತಾರೆ.

ತಣ್ಣಗಾದ ಇದ್ದಿಲೊಂದನ್ನು ಅವಳ ಕೈಗಿಟ್ಟೆ.
ನಾಲಿಗೆ ಕಚ್ಚಿಕೊಂಡು, ತ ಒತ್ತಿನ ಮಗ್ಗುಲಲ್ಲಿ,
ಜಾಗವೇ ಇಲ್ಲದ ಜಾಗದಲ್ಲಿ
ಕೊಕ್ಕೆಯಂಥ ರ ಒಂದನ್ನು ತಗುಲಿಹಾಕಿದಳು.

ಮಳೆ ಬಂದ್ರೆ ಅಳಿಸಿಹೋಗುತ್ತೆ, ಎಂದ
ಪಕ್ಕದ ಎಳನೀರಿನ ಮುನಿನಂಜ.
ಹೋಗಲಿ ಬಿಡು. ಇದ್ದಿಲಿಗೇನು ಬರವೇ ನನ್ನ ಹತ್ತಿರ.

ಶನಿವಾರದ ಬಿಳಿ ಯೂನಿಫಾರ್ಮಿನ ತುಂಬ
ಕರಿ ಬೆರಳು, ಕರಿ ಅಂಗೈ.
ರಾತ್ರಿ ಗಂಗರತ್ನ ಬೈದಳು, ನನ್ನನ್ನೇ,
ಒಂದೇ ಉಸಿರಲ್ಲಿ,
ಒತ್ತು ಒಂದನ್ನೂ ಬಿಡದೆ.