ಕಾರಣದ ಖಾನೆ

ನಮ್ಮ ಫಾರ್ಮಿನಲ್ಲಿ ನಲವತ್ತೆರಡು ಖಾನೆಗಳಿವೆ.
ಹೆಸರು, ಗಂಡನ ಹೆಸರು, ಊರು,
ಹುಣ್ಣು ಮೊದಲು ಕಂಡದ್ದು ಯಾವಾಗ
(ತಾರೀಖು ಕೇಳಿದರೆ ಯಾರೂ ಹೇಳುವುದಿಲ್ಲ,
ಕಾರಹುಣ್ಣಿಮೆಗೆ ಮುಂಚೆಯೋ ಆಮೇಲೋ ಅಂದರೆ ಹೇಳುತ್ತಾರೆ).
ಕಾರಣಕ್ಕೆ ಮಾತ್ರ ಖಾನೆಯಿಲ್ಲ.

ದುಧನಿಯಿಂದ ಒಂಬತ್ತರ ಎಸ್‌ಟಿ ಹಿಡಿದು
ಮೈಂದರ್ಗಿಯಲ್ಲಿ ಇಳಿದೆ.
ಫಾರ್ಮು ಮರಾಠಿಯಲ್ಲಿ, ರಿಪೋರ್ಟು ಇಂಗ್ಲಿಷಿನಲ್ಲಿ,
ನೋವು ಕನ್ನಡದಲ್ಲಿ.
ನಡುವೆ ನಾನು, ಪೆನ್ನಿನ ತುದಿ ಕಚ್ಚುತ್ತ.

ಸುಗಲಾಬಾಯಿ ಹತ್ತೂರೆ, ಐವತ್ತಾರು, ಎಡಗಲ್ಲದ ಒಳಗೆ.
ಸೆರಗು ಬಾಯಿಗೆ ಹಿಡಿದೇ ಕೂತಿದ್ದಳು.

ಮಶೇರಿ ಹಚ್ಚತಿದ್ರೇನ್ರಿ?
ಹೂಂ.
ಎಷ್ಟ ವರ್ಷ?
ಹಲ್ಲ ಬಂದಾಗಿಂದ.
ದಿನಕ್ಕ ಎಷ್ಟ ಸಲ?
ಆಕೆ ನಕ್ಕಳು, ಅರ್ಧ ಮುಖದಲ್ಲಿ:
ಗಂಡ ಮನ್ಯಾಗಿದ್ರ ಎರಡ ಸಲ. ಇಲ್ಲಂದ್ರ ಐದು.

ಐದು ಎಂದೇ ಬರೆದುಕೊಂಡೆ.

ನಮ್ಮತ್ತಿನೂ ಹಚ್ಚತಿದ್ಲು. ಬಾಜೂಮನಿ ಹಸೀನಾಬಿ
ಇವತ್ತಿಗೂ ಹಚ್ಚತಾಳ.
ಅತ್ತಿ ತೊಂಬತ್ತಕ್ಕ ಹಲ್ಲ ಸಮೇತ ಹೋದ್ಲು.
ನನಗಷ್ಟ ಯಾಕ ಬಂತು?
ಅದನ್ನೂ ಬರಕೋ.

ನನಗೆ ಕಲಿಸಿದ್ದು ಸಾವಿರದ ಭಾಷೆ.
ಸಾವಿರ ಮಂದಿ ಹಚ್ಚಿದರೆ ಇಷ್ಟು, ಹಚ್ಚದಿದ್ದರೆ ಇಷ್ಟು.
ಸಾವಿರದೊಳಗಿನ ಒಬ್ಬಾಕೆ
ಹೊಸ್ತಿಲಲ್ಲಿ ಕೂತು ಯಾಕೆ ಅಂದರೆ
ಆ ಭಾಷೆಗೆ ನಾಲಗೆ ಹೊರಳುವುದಿಲ್ಲ.

ಮುಖ ತಪ್ಪಿಸಲು ಹೊರಸಿನ ಕಡೆ ನೋಡಿದೆ.
ಸೊಲ್ಲಾಪುರದ ಚಾದರ, ಸಾಲು ಸಾಲು ನವಿಲು.
ಪ್ರತಿ ನವಿಲಿನ ಕೊರಳಲ್ಲೂ ಒಂದು ಬಿಳಿ ಚುಕ್ಕೆ,
ಇರಬಾರದ ಕಡೆ.

ಅದು ನಮ್ಮವರು ಕೆಡಸಿದ್ದು, ಅಂದಳು.
ಮಗ್ಗಕ್ಕ ಕಾರ್ಡ ಚುಚ್ಚತಿದ್ರು. ಕಣ್ಣ ಮಬ್ಬಾಗಿತ್ತು,
ಒಂದು ತೂತು ಹೆಚ್ಚಾತು.
ಮಗ್ಗಕ್ಕೇನ ಗೊತ್ತು? ಕಾರ್ಡ ಹೇಳಿದಂಗ ನೇಯ್ತು.
ಎರಡ ಪಾಳಿ ಮುಗದ ಮ್ಯಾಲ ಸೇಠ ನೋಡ್ತಾನ,
ಹದಿನೆಂಟು ಚಾದರಿಗೂ ಅದೇ ಚುಕ್ಕಿ.
ಪಗಾರದಾಗ ಹಿಡದು, ಒಂದನ್ನ ಮನೀಗೆ ಕೊಟ್ಟು ಕಳಸಿದ.

ತರಬೇತಿಯಲ್ಲಿ ಮೇಡಂ ಮೂರು ದಿನ
ಪರದೆಯ ಮೇಲೆ ಗುಲಾಬಿ ನೇರಳೆ ಕಲೆಗಳನ್ನು ತೋರಿಸಿ
ಹೇಳಿದ್ದು ಇದನ್ನೇ.
ನಾನು ಪಾಸಾಗಿದ್ದೆ, ತಿಳಿದಿರಲಿಲ್ಲ.

ಅಕ್ಕಾ, ಅದೇ ನೋಡ್ರಿ, ಅಂದೆ.
ಮೈಯೊಳಗೂ ಕಾರ್ಡ ಅದಾವ.
ಹೊಗೆಸೊಪ್ಪು ದಿನಾ ಚುಚ್ಚತದ. ಬಹಳಷ್ಟು ತೂತು ಮೈಯೇ ಮುಚ್ಚಕೊಳ್ಳತದ.
ಯಾವುದೋ ಒಂದು ಉಳೀತದ.
ಯಾರೊಳಗ ಉಳೀತದ ಅನ್ನೂದು
ನಮಗಿನ್ನಾ ಗೊತ್ತಿಲ್ಲ.

ಆಕೆ ಅಳಲಿಲ್ಲ. ಕಸುಬಿನವರ ಹೆಂಡತಿ:
ನಮ್ಮವರು ತೂತಿನ ಮ್ಯಾಲ ಕಾಗದದ ಬಿಲ್ಲೆ ಅಂಟಸತಿದ್ರು.
ನಿಮ್ಮಲ್ಲಿ ಬಿಲ್ಲೆ ಇಲ್ಲೇನು?

ಹುಡುಕತಾರ, ಅಂದೆ. ಎಲ್ಲೆಲ್ಲೋ ಕೂತು,
ಇಲಿ ಸಾಕಿ, ಗಾಜಿನ ತಟ್ಟೆ ತೊಳೆದು,
ಒಂದೊಂದು ತೂತಿಗೆ ಅಳತೆ ತೆಗೆಯುತ್ತ.
ಕೆಲವಕ್ಕೆ ಬಿಲ್ಲೆ ಸಿಕ್ಕಿದೆ.
ಸಿಕ್ಕಿದ್ದರಲ್ಲೂ ಕೆಲವು ಆರು ತಿಂಗಳಿಗೆ ಉದುರುತ್ತವೆ,
ಮತ್ತೆ ಅಂಟು ಕಾಯಿಸಬೇಕು.
ನಿಮ್ಮದಕ್ಕ ಸದ್ಯ ಕತ್ತರಿ, ಆಮ್ಯಾಲ ಕರೆಂಟು. ಇನ್ನಾ ಸಣ್ಣದದ.
ಬುಧವಾರ ಬರ್ರಿ.

ಬುಧವಾರ ಸಂತಿ, ಅಂದಳು. ಗುರುವಾರ ಬರತೀನಿ.
ಒಳಗೆ ಹೋಗಿ ಮಶೇರಿ ಡಬ್ಬಿ ತಂದು
ನನ್ನ ಕೈಯಲ್ಲಿಟ್ಟಳು, ಸಾಕ್ಷಿ ಒಪ್ಪಿಸುವಂತೆ.

ಫಾರ್ಮಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದೆ:
ಒಂದು ತೂತು ಹೆಚ್ಚು.
ಕಂಪ್ಯೂಟರಿನ ಹುಡುಗ ಇದಕ್ಕೆ ಕೋಡ್ ಇಲ್ಲ ಎಂದು
ಬಿಟ್ಟುಬಿಡುತ್ತಾನೆ, ಗೊತ್ತು.

ವಾಪಸು ಬಸ್ಸಿನಲ್ಲಿ, ಚೀಲದೊಳಗಿಂದ
ಡಬ್ಬಿಯ ವಾಸನೆ.
ಅವ್ವ ತವೆಯ ಮೇಲೆ ಹೊಗೆಸೊಪ್ಪು ಸುಡುತ್ತಿದ್ದ ಬೆಳಗು,
ಕರಿಯ ಪುಡಿ ಮೆತ್ತಿದ ಅವಳ ತೋರುಬೆರಳು
ನನ್ನ ಹಾಲುಹಲ್ಲಿನ ಮೇಲೆ,
ಆ ಬೆಚ್ಚಗೆ, ಆ ಖಾರ.
ಬಿಟ್ಟು ಏಳು ವರ್ಷ.

ಗಾಣಗಾಪುರಕ್ಕೆ ಹೊರಟವರು ಯಾರೋ
ಕಿಟಕಿ ಮುಚ್ಚಿರಿ, ಧೂಳು, ಅಂದರು.
ಮುಚ್ಚಿದೆ.
ನಾಲಗೆ ತನ್ನಷ್ಟಕ್ಕೆ ಎಡಗಲ್ಲದ ಒಳಬದಿಗೆ ಹೋಗಿ
ಮೆಲ್ಲಗೆ ಸವರುತ್ತಿತ್ತು,
ಒಂದೊಂದೇ ನವಿಲಿನ ಕೊರಳು.