ಚಾರ್ಜು ಕೊಡುವ ದಿನ

ತಗೊಳ್ಳಿ ಮೇಡಂ, ಬೀಗದ ಕೈ. ಕೆಂಪು ದಾರದ್ದು ಆಸಿಡ್ ಬೀರುವಿಗೆ,
ಇನ್ನೊಂದಕ್ಕೆ ದಾರ ಬೇಡ, ಅದರ ಬೀಗ ಕೆಟ್ಟು ಹನ್ನೊಂದು ವರ್ಷ.
ಪಟ್ಟಿಯಲ್ಲಿ ಎಂಬತ್ತಾರು ಸೀಸೆ. ಇರೋದು ಎಪ್ಪತ್ತೊಂಬತ್ತು.
ಉಳಿದದ್ದು ಇಲಿ ಬೀಳಿಸಿದ್ದು,
ನಾನು ಬೀಳಿಸಿದ್ದೂ ಇಲಿಯ ಲೆಕ್ಕಕ್ಕೇ.

ಲೇಬಲ್ಲು ಗೆದ್ದಲು ತಿಂದವೆ. ಯೋಚನೆ ಬೇಡ.
ಮನೇಲಿ ನಮಗೆ ತೆಲುಗು, ಈ ಬಾಗೇಪಲ್ಲಿ ಕಾಲೇಜಲ್ಲಿ ಕನ್ನಡ,
ಸೀಸೆ ಮೇಲಿನ ಇಂಗ್ಲಿಷು ನನಗೆ ಯಾವತ್ತೂ ಬೇಕಾಗಲಿಲ್ಲ.

ಈ ನೀಲಿ, ಮೈಲುತುತ್ತ.
ದ್ರಾಕ್ಷಿ ತೋಟದವರು ಸುಣ್ಣದ ಜೊತೆ ಕದಡಿ ಬಳ್ಳಿಗೆ ಹೊಡೀತಾರಲ್ಲ, ಅದೇ.
ಕಾಸಿದರೆ ಬಣ್ಣ ಬಿಟ್ಟು ವಿಭೂತಿಯಂತೆ ಕೂರ್ತದೆ.
ಒಂದು ಹನಿ ನೀರು ಬಿಡಿ,
ತವರಿಂದ ಯಾರೋ ಬಂದರು ಅನ್ನೋ ಹಾಗೆ
ನೀಲಿ ವಾಪಸ್.

ನವಸಾಗರ ಇಲ್ಲಿ. ಕಲಾಯಿ ಬುಡೇನ್ ಸಾಬರು ಕಾದ ಪಾತ್ರೆಗೆ ಇದನ್ನೊತ್ತಿದರೆ
ಬೀದಿಗೆ ಬೀದಿಯೇ ಕೆಮ್ಮೋದು.
ಕೊಳವೆಯಲ್ಲಿ ಕಾಸಿ: ತಳದಲ್ಲಿ ಮಾಯ,
ಮೇಲೆ ತಣ್ಣನೆ ಗಾಜಿಗೆ ಅಂಟಿ ಪ್ರತ್ಯಕ್ಷ. ನಡುವೆ ನೀರಾಗೋದೇ ಇಲ್ಲ.

ಕಾಸ್ಟಿಕ್ ಸೋಡಾಕ್ಕೆ ರಬ್ಬರ್ ಬಿರಡೆ.
ಗಾಜಿನದು ಹಾಕಿದರೆ ಅದು ಸೀಸೆಯನ್ನೇ ಮದುವೆ ಆಗ್ತದೆ,
ಬಿಡಿಸೋಕೆ ಕೋರ್ಟಿಗೂ ಆಗಲ್ಲ.

ನೀರಿಗೆ ಆಸಿಡ್ಡು. ಆಸಿಡ್ಡಿಗೆ ನೀರಲ್ಲ.
ಮಕ್ಕಳ ಬಾಯಲ್ಲಿ ನೂರು ಸಲ ಹೇಳಿಸಿ.
ನನ್ನ ಮೂರು ಸೀರೆ ಸಾಕ್ಷಿ ಹೇಳ್ತಾವೆ.

ಕಂದು ಸೀಸೆಯ ಬೆಳ್ಳಿ ಉಪ್ಪು ಬೆಳಕಿಗೆ ಅಂಜೋದು.
ಅದು ಬಿದ್ದ ಬೆರಳಿಗೆ ವಾರಗಟ್ಟಲೆ ಕಪ್ಪು.
ಒಂದು ಓಟಿನ ದಿನ ಆಫೀಸರು ಈ ಬೆರಳು ಹಿಡಿದು
‘ಆಗಲೇ ಹಾಕಿದ್ದೀಯಲ್ಲಮ್ಮ’ ಅಂದ.
ಇದು ನಿಮ್ಮ ಇಂಕಲ್ಲ ಸ್ವಾಮಿ, ಇದರ ಅವ್ವ, ಅಂದೆ.

ನಗ್ತೀರಿ. ನೀವು ಹಲ್ಲು ಬಿಟ್ಟು ನಗ್ತೀರಿ.
ನಾನು ಸೆರಗು ಅಡ್ಡ ಹಿಡೀತೀನಿ, ನೋಡಿದ್ದೀರಿ.
ಮದುವೆ ಫೋಟೋದಲ್ಲೂ ಬಾಯಿ ಮುಚ್ಚಿದೆ.
ನಮ್ಮ ಪಲ್ಲಿಯ ನೀರು ಸಿಹಿ, ತಿಳಿ, ವಾಸನೆ ಇಲ್ಲ,
ಹಾಗಾಗಿ ಅದರ ಮೇಲೆ ಯಾರೂ ಅನುಮಾನ ಪಡಲಿಲ್ಲ.

ಖಮರುನ್ನೀಸಾ ಮೇಡಂ ಒಬ್ಬರೇ,
‘ಗಂಗುಲಮ್ಮ, ನಿಮ್ಮನೆ ನೀರು ಒಂದು ಬಾಟಲಿ ತಾ’ ಅಂದರು.
ಆ ಕೊನೇ ಸಾಲಿನ ಗುಲಾಬಿ ದ್ರವ ನಾಲ್ಕು ಹನಿ.
ನನ್ನ ಕಣ್ಣೆದುರೇ ಗುಲಾಬಿ ಹೋಯಿತು, ಹಳದಿ ಬಂತು.
ನನ್ನ ಹಲ್ಲಿನ ಹಳದಿ.
ಬಂಡೆಯೊಳಗಿನ ಫ್ಲೋರೈಡು, ಸಾವಿರದಿನ್ನೂರು ಅಡಿಯಿಂದ
ನಾವೇ ಮೋಟಾರು ಹಾಕಿ ಎತ್ತಿ ಕುಡಿದದ್ದು.

ಮೈಲುತುತ್ತಕ್ಕೆ ನೀಲಿ ಮರಳ್ತದೆ. ಹಲ್ಲಿಗೆ ಬಿಳುಪು ಮರಳಲ್ಲ.
ಅವತ್ತು ಪ್ರಾಕ್ಟಿಕಲ್ ಇರಲಿಲ್ಲ, ಸುಮ್ಮನೆ ಸೀಸೆ ಒರೆಸುತ್ತಾ ಕೂತೆ.

ಆಮೇಲೆ ಅವರೇ ಹೇಳಿಕೊಟ್ಟರು.
ಬಿಂದಿಗೆಗೆ ಮೊದಲು ಸುಣ್ಣದ ತಿಳಿ, ಆಮೇಲೆ ಪಟಿಕ,
ಅಳತೆ ಅವರು ಬರೆದ ಚೀಟಿಯಂತೆ.
ಜೋರಾಗಿ ಕದಡಿ, ಆಮೇಲೆ ಮೆಲ್ಲಗೆ, ತೊಟ್ಟಿಲು ತೂಗಿದಂತೆ.
ಹತ್ತಿಯಂಥ ಗಸಿ ತಳಕ್ಕಿಳೀತದೆ. ಮೇಲಿನದನ್ನು ಬಗ್ಗಿಸಿಕೊಳ್ಳೋದು.
ಅಂಗಡಿಯ ಪಟಿಕ ಮೇಡಂ, ಕಾಲೇಜಿನದಲ್ಲ,
ರಿಜಿಸ್ಟರ್ ತೂಕ ಸರಿ ಇದೆ.

ಮೊಮ್ಮಗಳು ಹುಟ್ಟಿದಾಗಿನಿಂದ ಅದೇ ನೀರು.
ಮೊನ್ನೆ ಮುಂದಿನ ಹಾಲುಹಲ್ಲು ಬಿತ್ತು.
ಆ ಜಾಗದಲ್ಲಿ ಏನೋ ಇಣುಕ್ತಾ ಇದೆ, ಅಕ್ಕಿ ನುಚ್ಚಿನಷ್ಟು.
ಬಣ್ಣ ಇನ್ನೂ ಗೊತ್ತಾಗಲ್ಲ.
ದಿನಾ ಬೆಳಿಗ್ಗೆ ಬಾಗಿಲಿಗೆ ಕರೆದೊಯ್ದು
ಬೆಳಕಿಗೆ ಹಿಡಿದು ನೋಡ್ತೀನಿ,
ನಿಮ್ಮ ಮಕ್ಕಳು ಕೊಳವೆ ನೋಡ್ತಾರಲ್ಲ, ಹಾಗೆ.

ಎಲ್ಲಿ ಸಹಿ ಹಾಕಬೇಕು?
ಹಾಂ, ಎರಡನೇ ಅರೆ ಸ್ವಲ್ಪ ಓಲಾಡ್ತದೆ.
ಭಾರದ ಸೀಸೆ ಅಲ್ಲಿಡಬೇಡಿ.